ನೆತ್ತರುಗೊಡಗೆಯಿಂದ ಅಲಹಾಬಾದಿನ ಕಾಗದದವರೆಗೆ

ಹಾಸನ ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ 1902ರಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಐದನೆಯ ಸಂಪುಟವಾಗಿ ಅಚ್ಚು ಹಾಕಿಸಿದ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಎಲ್ಲ ಸೀಮೆಯ ಕಲ್ಲುಗಳೂ ಅದರಲ್ಲಿವೆ. ನಮ್ಮ ಊರುಗಳ ಕೆರೆ ಏರಿಯ ಮೇಲೆ ಇವತ್ತಿಗೂ ವೀರಗಲ್ಲು ನಿಂತಿವೆ. ಕೆಲವಕ್ಕೆ ಅರಿಶಿನ ಕುಂಕುಮ, ಕೆಲವಕ್ಕೆ ಬಟ್ಟೆ ಒಗೆಯೋ ಕೆಲಸ. ಕೆಳಗಿನ ಪಟ್ಟಿಯಲ್ಲಿ ಕಾದಾಟ, ನಡುವೆ ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತ ವೀರ. ತುರು ಬಿಡಿಸಲು ಹೋಗಿ, ಊರಳಿವಿನಲ್ಲಿ ಕಾದಿ ಸತ್ತವನ ಮನೆಯವರಿಗೆ ಭೂಮಿ ಬಿಡುತ್ತಿದ್ದರು. ಅದಕ್ಕೆ ನೆತ್ತರುಗೊಡಗೆ, ಬಾಳ್ಗಚ್ಚು, ಕಲ್ನಾಡು ಎಂದೆಲ್ಲ ಹೆಸರು.

ನಾವು ನೋಡಿದ ಕಲ್ಲುಗಳಲ್ಲಿ ಕಾಲು ಕಡಿಸಿಕೊಂಡು ಕುಂಟುತ್ತ ಮನೆಗೆ ಬಂದವನು ಇಲ್ಲ. ಆ ಮೂರು ಅಂತಸ್ತಿನಲ್ಲಿ ಎಲ್ಲೂ ಅವನಿಗೆ ಜಾಗ ಇಲ್ಲ. ಸತ್ತರೆ ಮಾತ್ರ ವೀರ. ಬದುಕಿ ಬಂದವನ ಹೊಟ್ಟೆಪಾಡು ಏನಾಯಿತು ಅಂತ ಕಲ್ಲು ಹೇಳುವುದಿಲ್ಲ.

ಇದು ಹಳೇ ರಾಜರ ಮಾತು ಅಂತ ಬಿಟ್ಟುಬಿಡುವ ಹಾಗಿಲ್ಲ. ಕಂಪನಿ ಸರ್ಕಾರಕ್ಕೆ ನಮ್ಮವರ ಮೈ ಬೇಕಾಗಿತ್ತು. ಮದ್ರಾಸ್ ಸೈನ್ಯದ ಪಯೋನಿಯರ್ ಮತ್ತು ಸ್ಯಾಪರ್ ದಳಗಳಲ್ಲಿ ಪರೆಯರು ಗುದ್ದಲಿ ಹಿಡಿದು ದಾರಿ ಕಡಿದರು, ಸೇತುವೆ ಕಟ್ಟಿದರು. ಆ ಸ್ಯಾಪರ್‌ಗಳ ಕೇಂದ್ರ ಇವತ್ತಿಗೂ ಬೆಂಗಳೂರಿನ ಹಲಸೂರು ಕೆರೆಯ ಹತ್ತಿರವೇ ಇದೆ. 1818ರ ಜನವರಿ 1ರಂದು ಕೋರೆಗಾಂವ್‌ನಲ್ಲಿ ಮಹಾರರು ಕಾದಿದರು. ಆಮೇಲೆ ಬಿಳಿಯರ ತಲೆಗೆ 'ಯುದ್ಧಕುಲ'ದ ಸಿದ್ಧಾಂತ ಹೊಕ್ಕಿತು. ಯಾರು ಹುಟ್ಟಿನಿಂದ ಗಂಡು, ಯಾರು ಹುಟ್ಟಿನಿಂದ ಹೇಡಿ ಎಂದು ಪಟ್ಟಿ ಮಾಡಿದರು. ಮನುವಿಗೆ ಇಂಗ್ಲಿಷ್ ಕಲಿಸಿದ ಹಾಗೆ ಆಯಿತು. 1892ರಲ್ಲಿ ಮಹಾರರ ಭರ್ತಿ ನಿಂತಿತು. ಅದೇ ಸೈನ್ಯದಲ್ಲಿ ಸುಬೇದಾರರಾಗಿದ್ದ ರಾಮಜಿ ಸಕ್ಪಾಲರ ಮಗ ಭೀಮರಾಯನಿಗೆ ಆಗ ಇನ್ನೂ ಒಂದು ವರ್ಷ. ನಿವೃತ್ತ ಸೈನಿಕ ಗೋಪಾಲ ಬಾಬಾ ವಲಂಗಕರ್ 1894ರಲ್ಲಿ ಸರ್ಕಾರಕ್ಕೆ ಮನವಿ ಬರೆದರು, ಬಾಗಿಲು ತೆರೆಯಲಿಲ್ಲ. ಮೊದಲನೇ ಮಹಾಯುದ್ಧದಲ್ಲಿ ಹೆಣ ಬೀಳಲು ಜನ ಸಾಲದೆ ಬಂದಾಗ, 1917ರಲ್ಲಿ 111ನೇ ಮಹಾರ್ ದಳ ಕಟ್ಟಿ, 1921ರಲ್ಲಿ ಒಡೆದರು. ಮತ್ತೆ ಯುದ್ಧ ಬಂತು, ಮತ್ತೆ ನಾವು ಬೇಕಾದೆವು: 1941ರ ಅಕ್ಟೋಬರ್‌ನಲ್ಲಿ ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಹುಟ್ಟಿದ್ದು ನಮ್ಮ ಬೆಳಗಾವಿಯಲ್ಲೇ.

ನಮ್ಮ ಕೇರಿಗಳಲ್ಲಿ ಸೈನ್ಯಕ್ಕೆ ಸೇರಿದವನನ್ನು 'ಮಿಲ್ಟ್ರಿಗೆ ಹೋದೋನು' ಅನ್ನುತ್ತೇವೆ. ಬೂಟು ಹಾಕಿಕೊಂಡು ಊರ ನಡುವಿನ ಬೀದೀಲಿ ನಡೆದು ಬಂದವನು ಅವನೇ. (ಪೇಟೇಲಿ 'ಮಿಲ್ಟ್ರಿ ಹೋಟ್ಲು' ಅಂತ ಬೋರ್ಡು ಹಾಕಿ, ಒಳಗೆ ನಮಗೆ ಬೇರೆ ಲೋಟ ಇಟ್ಟಿದ್ದನ್ನೂ ನಾವು ಮರೆತಿಲ್ಲ.) ಅಂಥವನು ಕಾಯಿಲೆ ಹತ್ತಿಸಿಕೊಂಡೋ ಮೂಳೆ ಮುರಿದುಕೊಂಡೋ ಅವಧಿಗೆ ಮುಂಚೆ ವಾಪಸು ಬಂದರೆ ಅವನ ಕಾಯುವ ಕಾಲ ಶುರು. ಡಾಕ್ಟರುಗಳ ಮಂಡಲಿ ಅವನ ಮೈಗೆ ಶೇಕಡಾ ಇಷ್ಟು ಎಂದು ಬೆಲೆ ಕಟ್ಟುತ್ತದೆ. 1961ರ ಸೈನ್ಯದ ಪಿಂಚಣಿ ನಿಯಮದ ಪ್ರಕಾರ ಶೇಕಡಾ 20 ಆದರೂ ಇರಬೇಕಿತ್ತು. ಅದು ಸೇವೆಯಿಂದಲೇ ಬಂದದ್ದೋ, ಸೇವೆಯಿಂದ ಹೆಚ್ಚಾದದ್ದೋ ಆಗಿರಬೇಕು. ಫೈಲು ದಳದ ರೆಕಾರ್ಡ್ ಆಫೀಸಿಗೆ, ಅಲ್ಲಿಂದ ಅಲಹಾಬಾದಿನ ಪಿಂಚಣಿ ಲೆಕ್ಕದ ಕಚೇರಿಗೆ. ಇತ್ತ ಪೋಸ್ಟ್‌ಮ್ಯಾನನ್ನು ಕೇಳುವ ಮಾತು ಒಂದೇ: 'ಅಲಾಬಾದಿಂದ ಏನಾರ ಬಂತೇನಪ್ಪ?' ಬಂದರೆ ಇಂಗ್ಲಿಷಿನ ನಾಲ್ಕು ಸಾಲು. ಓದಿ ಹೇಳೋಕೆ ಮೇಷ್ಟ್ರು ಬೇಕು. ಅದಕ್ಕೆ ಉತ್ತರ ಬರೆಸೋಕೆ ಹಾಸನಕ್ಕೆ ಬಸ್ಸು ಹತ್ತಬೇಕು, ಒಂದು ದಿನದ ಕೂಲಿ ಹೋಗುತ್ತದೆ.

ಆ ನಾಲ್ಕು ಸಾಲಿನಲ್ಲಿ ಪದೇ ಪದೇ ಬರುವ ಒಂದು ಪದವಿದೆ: ರೋಗ 'ಕಾನ್‌ಸ್ಟಿಟ್ಯೂಷನಲ್'. ಅಂದರೆ ದೇಹಸಹಜ, ಹುಟ್ಟಿನಿಂದ ಬಂದದ್ದು, ಸೈನ್ಯಕ್ಕೆ ಸಂಬಂಧವಿಲ್ಲ. ಹುಟ್ಟೇ ನಿನ್ನ ದೋಷ ಅಂತ ಈ ದೇಶದಲ್ಲಿ ತಲೆತಲಾಂತರ ಕೇಳಿಸಿಕೊಂಡವರು ನಾವು. ಈ ಪದ ನಮ್ಮ ಕಿವಿಗೆ ಬೇರೆಯವರ ಕಿವಿಗೆ ಬಿದ್ದ ಹಾಗೆ ಬೀಳುವುದಿಲ್ಲ. ಭರ್ತಿಯ ದಿನ ಎದೆ ಅಳೆದು, ಹಲ್ಲು ಎಣಿಸಿ, ಓಡಿಸಿ ನೋಡಿ 'ಗಟ್ಟಿಮುಟ್ಟು' ಎಂದು ಬರೆದುಕೊಂಡವರು ಯಾರು? ಹುಟ್ಟಿನ ರೋಗ ಅವತ್ತು ಎಲ್ಲಿತ್ತು?

ಈ ಪ್ರಶ್ನೆಗೆ ಉತ್ತರ ಸರ್ಕಾರದ ಪುಸ್ತಕದಲ್ಲೇ ಇತ್ತು. 1982ರ ಅರ್ಹತಾ ನಿಯಮಗಳ ಪ್ರಕಾರ, ಸೇರುವಾಗ ಬರೆದಿಡದ ರೋಗ ಅವನಿಗೆ ಇರಲಿಲ್ಲ ಎಂದೇ ಎಣಿಸಬೇಕು. ರುಜುವಾತಿನ ಹೊರೆ ಸೈನಿಕನ ಮೇಲಿಲ್ಲ. ಅನುಮಾನ ಬಂದರೆ ಲಾಭ ಅವನಿಗೆ. ನಿಯಮ ಇದ್ದೂ ಪಾಲಿಸಲಿಲ್ಲ. ರೋಗಿಯ ಮುಖವನ್ನೇ ನೋಡದೆ ಅಲಹಾಬಾದಿನ ವೈದ್ಯ ಸಲಹೆಗಾರರು ಮಂಡಲಿಯ ಅಭಿಪ್ರಾಯ ತಿರುಗಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 1993ರಲ್ಲಿ ಸ್ಯಾಪರ್ ಮೊಹಿಂದರ್ ಸಿಂಗ್ ಮೊಕದ್ದಮೆಯಲ್ಲಿ ಹೇಳಿತು. ಅದರ ಮರುವರ್ಷವೇ, 1994ರಲ್ಲಿ, ಸಿಗ್ನಲ್ಸ್ ದಳದ ಧರಮ್‌ವೀರ್ ಸಿಂಗ್ ಎಂಬ ಸಿಪಾಯಿಯನ್ನು ಒಂಬತ್ತು ವರ್ಷ ದುಡಿಸಿಕೊಂಡು ಮೂರ್ಛೆರೋಗವೆಂದು ಮನೆಗೆ ಕಳಿಸಿದರು. ಶೇಕಡಾ 20 ಎಂದರು. ಹುಟ್ಟಿನದು ಎಂದು ಪಿಂಚಣಿ ಇಲ್ಲವೆಂದರು. ಹೈಕೋರ್ಟಿನಲ್ಲಿ ಗೆದ್ದು, ಅಲ್ಲೇ ಮೇಲ್ಮನವಿಯಲ್ಲಿ ಸೋತು, ಕೊನೆಗೆ 2013ರ ಜುಲೈ 2ರಂದು ಸುಪ್ರೀಂ ಕೋರ್ಟಿನಲ್ಲಿ ಗೆದ್ದ. ಹತ್ತೊಂಬತ್ತು ವರ್ಷ. ಅಷ್ಟರಲ್ಲಿ ನಮ್ಮ ಕಡೆ ಹೊಟ್ಟೇಲಿದ್ದ ಮಗು ಕೂಲಿಗೆ ಹೋಗುವಷ್ಟು ದೊಡ್ಡದಾಗುತ್ತದೆ.

2007ರ ಕಾಯಿದೆಯಿಂದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಬಂತು. ಕರ್ನಾಟಕವನ್ನು ಕೊಚ್ಚಿ ಪೀಠಕ್ಕೆ ಸೇರಿಸಿದರು. ಅಲಹಾಬಾದು 2018ರಲ್ಲಿ ಪ್ರಯಾಗರಾಜ್ ಆಯಿತು. ಪಿಂಚಣಿ ಈಗ ಕಂಪ್ಯೂಟರಿಗೆ ಹೋಗಿದೆ, ಆ ವ್ಯವಸ್ಥೆಯ ಹೆಸರು 'ಸ್ಪರ್ಶ್'. ಮುಟ್ಟುವುದು! ಇದನ್ನು ಕೇಳಿ ನಮ್ಮ ಕೇರಿಯಲ್ಲಿ ನಗು ಬಾರದೆ ಇದ್ದೀತೆ?

2023ರ ಸೆಪ್ಟೆಂಬರ್ 21ರಿಂದ ಹೊಸ ನಿಯಮಗಳು ಜಾರಿಗೆ ಬಂದಿವೆ. ಅದಕ್ಕೆ ಮುಂಚೆ ಮನೆಗೆ ಬಂದವರು ತಾವು ಬಂದ ಕಾಲದ ನಿಯಮವನ್ನೇ ಹಿಡಿದು ಕೇಳಬೇಕು. ಟ್ರಂಕಿನಲ್ಲಿರುವ ಡಿಸ್ಚಾರ್ಜ್ ಪುಸ್ತಕ, ವೈದ್ಯ ಮಂಡಲಿಯ ಹಾಳೆ, ಅಲಹಾಬಾದಿನ ಆ ನಾಲ್ಕು ಸಾಲು, ಯಾವುದನ್ನೂ ಒಲೆಗೆ ಹಾಕಬೇಡಿ.