ಗ್ರಂಥಪಾಲಕನ ಮೂರು ಊರುಗಳು

ಗುಬ್ಬಿ, ಕುಣಿಗಲ್, ಕೊನೆಗೆ ತುಮಕೂರು. ನನ್ನ ನೌಕರಿಯೆಲ್ಲ ಈ ಮೂರು ಊರುಗಳ ಸಾರ್ವಜನಿಕ ಗ್ರಂಥಾಲಯಗಳಲ್ಲೇ ಕಳೆಯಿತು. ಆ ನೌಕರಿಗೆ ನೆಲೆ ಕೊಟ್ಟದ್ದು 1965ರ ಗ್ರಂಥಾಲಯ ಕಾಯ್ದೆ. ಆಗಿನ್ನೂ ನಮ್ಮದು ಮೈಸೂರು ರಾಜ್ಯ. ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ಅವರು ಬೆಂಗಳೂರಿನಲ್ಲೇ ನೆಲೆಸಿ, 1962ರಲ್ಲಿ ಗ್ರಂಥಾಲಯ ವಿಜ್ಞಾನದ ತರಬೇತಿ ಕೇಂದ್ರವನ್ನು ಕಟ್ಟಿದ್ದರು. ಪುಸ್ತಕ ಇರುವುದು ಬಳಕೆಗೆ ಎಂಬುದು ಅವರು 1931ರಲ್ಲಿ ಬರೆದ ಐದು ಸೂತ್ರಗಳಲ್ಲಿ ಮೊದಲನೆಯದು. ಬೀರುವಿಗೆ ಬೀಗ ಜಡಿಯುವುದೇ ಗ್ರಂಥಪಾಲಕನ ಕೆಲಸ ಅಂದುಕೊಂಡವರಿಗೆ ಅದು ಹಿಡಿಸುವ ಮಾತಲ್ಲ. ನನಗಂತೂ ಅದೇ ದೀಕ್ಷೆ.

ನನ್ನ ಸ್ವಂತ ಓದು ಊರಿನ ಜೊತೆ ಬದಲಾಯಿತು. ಪುಸ್ತಕಗಳಿಗೆ ವಿಷಯವಾರು ಸಂಖ್ಯೆ ಕೊಡುವ ಡ್ಯೂಯಿ ವರ್ಗೀಕರಣದಲ್ಲಿ ರಂಗಭೂಮಿಗೆ 792. ಗುಬ್ಬಿಯಲ್ಲಿ ನಾನು ಹೆಚ್ಚು ನಿಂತದ್ದು ಆ ಕಪಾಟಿನ ಮುಂದೆಯೇ. 1884ರಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿಯ ಊರದು. ಆ ಕಂಪನಿಯನ್ನು ನಡೆಸಿದ ಗುಬ್ಬಿ ವೀರಣ್ಣನವರ ಆತ್ಮಕಥೆ 'ಕಲೆಯೇ ಕಾಯಕ'ವನ್ನು ಅಲ್ಲಿ ಕೈಗೆತ್ತಿಕೊಳ್ಳದವರು ಇರಬಾರದು ಎನ್ನುವ ಹಟ ನನ್ನದು. ಕುಣಿಗಲ್‌ನಲ್ಲಿ ಜಾನಪದದ 398 ಹಿಡಿಯಿತು, ಕೆರೆಯ ಹಾಡಿನ ಊರಲ್ಲವೇ! ಕುದುರೆ ಫಾರಂ ಕಡೆಯಿಂದ ಬರುವವರಿಗಾಗಿ ಕುದುರೆಗಳ 636.1 ಕೂಡ ತುಂಬಿಸಿಟ್ಟೆ. ತುಮಕೂರಿನಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಹುಡುಗರದೇ ಕಾರುಬಾರು. ಅವರಿಗೆ ಕುರ್ಚಿ, ಗಾಳಿ, ಬೆಳಕು ಒದಗಿಸುವುದೂ ಗ್ರಂಥಪಾಲನೆಯೇ ಎಂದು ಈಗಲೂ ನಂಬಿದ್ದೇನೆ. ಆದರೆ ಕಾದಂಬರಿ ಕೇಳುವವರು ಕಡಿಮೆಯಾದದ್ದು ನನಗೆ ನೋವಿನ ಸಂಗತಿ.

ಆಸ್ತಿ ತೆರಿಗೆಯ ರಸೀದಿಯಲ್ಲಿ ಗ್ರಂಥಾಲಯ ಕರ ಎಂಬ ಸಾಲೊಂದಿದೆ, ನೋಡಿ. ಗ್ರಂಥಾಲಯದ ಪುಸ್ತಕಗಳಿಗೆ ಹಣ ಕೊಟ್ಟವರು ನೀವೇ. ಹೋಗಿ, ನಿಮಗೆ ಬೇಕಾದ ಪುಸ್ತಕವನ್ನು ಹೆಸರು ಹಿಡಿದು ಕೇಳಿ.