ಹೆಸರು ಹರಾಜಿಗೆ ಬಂದ ಕಥೆ

ಊರಿನಿಂದ ಫೋನ್ ಮಾಡುವ ನಮ್ಮ ಸಂಬಂಧಿಕರು ಈಗಲೂ "ಟ್ರಿವೇಂಡ್ರಮ್ಮಲ್ಲಿ ಮಳೆ ಹೇಗಿದೆ?" ಅಂತಲೇ ಕೇಳುತ್ತಾರೆ. ನಾನು ಕೊಚ್ಚಿಗೆ ವರ್ಗವಾಗಿ ಬಂದು ಎಷ್ಟೋ ವರ್ಷವಾಯಿತು ಅನ್ನುವುದು ಬೇರೆ ಮಾತು! ಟ್ರಿವೇಂಡ್ರಂ ಅಧಿಕೃತವಾಗಿ ತಿರುವನಂತಪುರ ಆದದ್ದು 1991ರಲ್ಲಿ. ಕೊಚಿನ್ ಕೊಚ್ಚಿ ಆದದ್ದು 1996ರಲ್ಲಿ. ಬೋರ್ಡುಗಳು ಬದಲಾದವು, ಲೆಟರ್ ಹೆಡ್ಡುಗಳು ಬದಲಾದವು, ನಮ್ಮ ಬ್ಯಾಂಕಿನ ರಬ್ಬರ್ ಸ್ಟಾಂಪುಗಳೂ ಬದಲಾದವು. ಆದರೆ ಲಂಡನ್ನಿನಲ್ಲೋ ಬರ್ಲಿನ್ನಿನಲ್ಲೋ ಕೂತು ರಜೆಯ ಪ್ರವಾಸಕ್ಕೆ ಜಾಗ ಹುಡುಕುವವನ ಬೆರಳು ಮಾತ್ರ ಬದಲಾಗಲಿಲ್ಲ. ಅವನು ಕಂಪ್ಯೂಟರಿನಲ್ಲಿ ಟೈಪ್ ಮಾಡುವುದು ಕೊಚಿನ್, ಅಲೆಪ್ಪಿ, ಟ್ರಿವೇಂಡ್ರಂ ಎಂದೇ. ಹಾಗಾಗಿ ಇಲ್ಲಿನ ಹೋಟೆಲು, ಹೌಸ್‌ಬೋಟಿನವರು ತಮ್ಮ ವೆಬ್‌ಸೈಟುಗಳಲ್ಲಿ ಎರಡೂ ಹೆಸರು ಬರೆಯಲೇಬೇಕಾಯಿತು. 2014ರಲ್ಲಿ ಬ್ಯಾಂಗಲೋರ್ ಬೆಂಗಳೂರಾದ ಮೇಲೆ ನಮ್ಮವರೂ ಇದೇ ಪಾಡು ಪಟ್ಟರು ಅನ್ನಿ.

ಅದರ ಹಿಂದೆ ಇರುವುದು ಹೆಸರುಗಳಿಗೆ ಬೆಲೆ ಕಟ್ಟಿದ ಒಂದು ದೊಡ್ಡ ಕಥೆ. ಬಿಕಾಂ ಓದಿದವನಿಗೆ ಇದು ಕಂಪ್ಯೂಟರಿನ ಕಥೆಗಿಂತ ಹೆಚ್ಚಾಗಿ ವ್ಯಾಪಾರದ ಕಥೆಯಾಗಿಯೇ ಕಾಣುತ್ತದೆ. ಅದನ್ನೇ ಇವತ್ತು ಬರೆಯೋಣ ಅಂತ.

ಕೇರಳ ಸರ್ಕಾರ ಪ್ರವಾಸೋದ್ಯಮವನ್ನು ಒಂದು ಉದ್ಯಮ ಅಂತ ಘೋಷಿಸಿದ್ದು 1986ರಲ್ಲಿ. ಆಗ ವಿದೇಶಿಯರಿಗೆ ಗೊತ್ತಿದ್ದದ್ದು ಕೋವಳಂ ಕಡಲತೀರ ಒಂದೇ ಅನ್ನಬಹುದು. 1989ರಲ್ಲಿ ಮುದ್ರಾ ಜಾಹೀರಾತು ಕಂಪನಿಯ ವಾಲ್ಟರ್ ಮೆಂಡಿಸ್ ಅವರು "ಗಾಡ್ಸ್ ಓನ್ ಕಂಟ್ರಿ" ಅನ್ನುವ ಮೂರು ಪದ ಕೊಟ್ಟರು. (ನ್ಯೂಜಿಲೆಂಡಿನವರು ಇದೇ ಮಾತನ್ನು ತಮ್ಮ ದೇಶಕ್ಕೆ ಅದಕ್ಕಿಂತ ಎಷ್ಟೋ ಮೊದಲಿನಿಂದ ಬಳಸುತ್ತಿದ್ದರು. ದೇವರಿಗೆ ಎರಡು ದೇಶ ಇರಬಾರದು ಅಂತೇನೂ ಇಲ್ಲವಲ್ಲ!) 1999ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಟ್ರಾವೆಲರ್ ಪತ್ರಿಕೆ ಜೀವಮಾನದಲ್ಲಿ ನೋಡಲೇಬೇಕಾದ 50 ಜಾಗಗಳ ಪಟ್ಟಿಯಲ್ಲಿ ಕೇರಳವನ್ನು ಸೇರಿಸಿತು. ಅದೇ ವರ್ಷ ನೆಡುಂಬಾಶ್ಶೇರಿಯ ವಿಮಾನ ನಿಲ್ದಾಣ ಶುರುವಾಯಿತು. 2000ದಲ್ಲಿ ಕೊಚ್ಚಿಯಲ್ಲಿ ಮೊದಲ ಕೇರಳ ಟ್ರಾವೆಲ್ ಮಾರ್ಟ್ ನಡೆಯಿತು. ಎಲ್ಲ ಒಂದರ ಹಿಂದೆ ಒಂದು.

ಇದರ ನಡುವೆ, 90ರ ದಶಕದ ಕೊನೆಗೆ, ಇಲಾಖೆ ತನ್ನ ವೆಬ್‌ಸೈಟ್ ಮಾಡಿತು. ಟೆಕ್ನೋಪಾರ್ಕ್ 1990ರಿಂದಲೇ ಇದ್ದ ತಿರುವನಂತಪುರಕ್ಕೆ ಇದು ಹೊಸ ವಿದ್ಯೆಯೇನಲ್ಲ. ನಾನು ಆಗಷ್ಟೇ ಆ ಊರಿಗೆ ಬಂದಿದ್ದೆ. ಸ್ಟ್ಯಾಚ್ಯೂ ಜಂಕ್ಷನ್ನಿನ ಸೈಬರ್ ಕೆಫೆಯಲ್ಲಿ ಗಂಟೆಗೆ ಅರವತ್ತು ರೂಪಾಯಿ ಕೊಟ್ಟು, ತೆಂಗಿನಮರದ ಒಂದು ಚಿತ್ರ ಮೇಲಿನಿಂದ ಕೆಳಕ್ಕೆ ಗೆರೆಗೆರೆಯಾಗಿ ಇಳಿಯುವುದನ್ನು ಕಾಯುತ್ತಾ ಕೂತದ್ದು ನೆನಪಿದೆ.

ಸರಿ, ವೆಬ್‌ಸೈಟ್ ಮಾಡಿಟ್ಟರೆ ಅದನ್ನು ನೋಡುವವರು ಯಾರು? ಅಂಗಡಿಗಾದರೆ ರಸ್ತೆ ಇದೆ, ಹೋಗಿಬರುವವರ ಕಣ್ಣಿಗೆ ಬೀಳುತ್ತದೆ. ವೆಬ್‌ಸೈಟಿಗೆ ರಸ್ತೆಯೇ ಇಲ್ಲ. 1994ರಲ್ಲಿ ಶುರುವಾದ ಯಾಹೂ ಮೊದಲು ಮಾಡಿದ್ದು ಮನುಷ್ಯರೇ ಕೂತು ತಾಣಗಳನ್ನು ವಿಷಯವಾರು ಜೋಡಿಸಿಟ್ಟ ಪಟ್ಟಿ, ಒಂದು ಥರದ ಟೆಲಿಫೋನ್ ಡೈರೆಕ್ಟರಿ. 1995ರ ಕೊನೆಗೆ ಬಂದ ಅಲ್ಟಾವಿಸ್ಟಾ ಪುಟದೊಳಗಿನ ಪದಗಳನ್ನೇ ಓದಿ ಹುಡುಕಿ ಕೊಡುತ್ತಿತ್ತು. ಪದ ಎಷ್ಟು ಸಲ ಇದೆಯೋ ಅಷ್ಟು ಮೇಲೆ ಜಾಗ ಸಿಗುತ್ತದೆ ಅಂತ ಗೊತ್ತಾದ ಕೂಡಲೇ ಜನ ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರದಲ್ಲಿ ಒಂದೇ ಪದವನ್ನು ನೂರು ಸಲ ಬರೆದರು. ಓದುಗನಿಗೆ ಕಾಣುವುದಿಲ್ಲ, ಯಂತ್ರಕ್ಕೆ ಕಾಣುತ್ತದೆ! 1998ರಲ್ಲಿ ಬಂದ ಗೂಗಲ್ ಲೆಕ್ಕವನ್ನೇ ಬದಲಾಯಿಸಿತು. ನಿನ್ನ ಬಗ್ಗೆ ನೀನು ಏನು ಹೇಳಿಕೊಳ್ಳುತ್ತೀಯೋ ಅದು ಬೇಡ, ಬೇರೆ ತಾಣಗಳು ನಿನ್ನ ಕಡೆಗೆ ಎಷ್ಟು ಕೊಂಡಿ ಹಾಕಿವೆ ಹೇಳು. ಆ ಕೊಂಡಿ ಹಾಕಿದವರ ಯೋಗ್ಯತೆ ಏನು, ಅದನ್ನೂ ಹೇಳು ಎಂದಿತು. ಸಾಲಕ್ಕೆ ಬಂದವನ ಜಾಮೀನುದಾರ ಎಂಥವನು ಅಂತ ನಾವು ನೋಡುತ್ತೇವಲ್ಲ, ಹೆಚ್ಚುಕಡಿಮೆ ಹಾಗೇ. ಸರ್ಕಾರಿ ತಾಣಕ್ಕೆ ಪತ್ರಿಕೆಗಳು, ರಾಯಭಾರ ಕಚೇರಿಗಳು, ಪ್ರವಾಸಿ ಕಂಪನಿಗಳು ತಾವಾಗಿಯೇ ಕೊಂಡಿ ಹಾಕುತ್ತವೆ. ಜಾಮೀನಿಗೆ ಕೊರತೆಯಿಲ್ಲ. ಮೂರು ರೂಮಿನ ಹೋಂಸ್ಟೇಗೆ ಯಾರು ಹಾಕುತ್ತಾರೆ?

ಜಾಮೀನು ಬೇಕು ಅಂದಮೇಲೆ ಬಾಡಿಗೆ ಜಾಮೀನುದಾರರೂ ಹುಟ್ಟಿಕೊಂಡರು. ದುಡ್ಡಿಗೆ ಕೊಂಡಿ ಮಾರುವುದೇ ಒಂದು ಕಸುಬಾಯಿತು. ಮೋಸ ಮಾಡಿದವರು ಸಣ್ಣಪುಟ್ಟವರೇ ಅಂದುಕೊಳ್ಳಬೇಡಿ. ಯಂತ್ರಕ್ಕೊಂದು ಪುಟ, ಮನುಷ್ಯನಿಗೊಂದು ಪುಟ ತೋರಿಸಿದ್ದಕ್ಕೆ 2006ರಲ್ಲಿ ಗೂಗಲ್ ತನ್ನ ಪಟ್ಟಿಯಿಂದ ಕಿತ್ತುಹಾಕಿದ್ದು ಬಿಎಂಡಬ್ಲ್ಯೂ ಕಂಪನಿಯ ಜರ್ಮನ್ ತಾಣವನ್ನು! ಆಮೇಲೆ 2011ರಲ್ಲಿ ಪಾಂಡಾ, 2012ರಲ್ಲಿ ಪೆಂಗ್ವಿನ್ ಎಂಬ ಮುದ್ದು ಹೆಸರಿನ ಬದಲಾವಣೆಗಳು ಬಂದವು. ಮೊದಲನೆಯದು ಟೊಳ್ಳು ಬರಹಕ್ಕೆ, ಎರಡನೆಯದು ಕೊಂಡ ಕೊಂಡಿಗೆ ಬಿದ್ದ ಏಟು. ಎಷ್ಟೋ ತಾಣಗಳು ರಾತ್ರೋರಾತ್ರಿ ಮೊದಲ ಪುಟದಿಂದ ಎಲ್ಲಿಗೋ ಹೋಗಿಬಿಟ್ಟವು.

ಇದು ಪುಕ್ಕಟೆ ಸಾಲಿನ ಕಥೆಯಾಯಿತು. ಇನ್ನು ದುಡ್ಡು ಕೊಟ್ಟು ನಿಲ್ಲುವ ಸಾಲು.

ಹರಾಜು ಕೊಚ್ಚಿಗೆ ಹೊಸದಲ್ಲ. ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿ ಚಹಾ ಹರಾಜು 1947ರಿಂದ ನಡೆಯುತ್ತಿದೆ. ಮಟ್ಟಾಂಚೇರಿಯ ಜ್ಯೂ ಟೌನಿನಲ್ಲಿ ಕಾಳುಮೆಣಸಿನ ವಾಯಿದೆ ವ್ಯಾಪಾರದ ಸಂಸ್ಥೆ ಹುಟ್ಟಿದ್ದು 1957ರಲ್ಲಿ, ಅಲ್ಲಿ ದಲ್ಲಾಳಿಗಳು ಕಿರುಚಿಯೇ ಬೆಲೆ ಕೂಗುತ್ತಿದ್ದರು. ಮಲಯಾಳಿಗಳ ಮನೆಮನೆಗೂ ಗೊತ್ತಿರುವ ಇನ್ನೊಂದು ಹರಾಜು ಚಿಟ್ಟಿ, ನಮ್ಮ ಕಡೆಯ ಚೀಟಿ. 1969ರಿಂದ ಸರ್ಕಾರವೇ ಕೆಎಸ್ಎಫ್ಇ ಅಂತ ಕಂಪನಿ ಮಾಡಿಕೊಂಡು ಚೀಟಿ ನಡೆಸುತ್ತಿರುವ ರಾಜ್ಯ ಇದು.

ಪದಗಳನ್ನು ಹರಾಜಿಗಿಟ್ಟ ಮೊದಲಿಗರಲ್ಲಿ ಮುಖ್ಯನಾದವನು ಅಮೆರಿಕದ ಬಿಲ್ ಗ್ರಾಸ್. 1998ರಲ್ಲಿ ಅವನ ಗೋಟು ಡಾಟ್ ಕಾಮ್ ಎಂಬ ತಾಣದಲ್ಲಿ ಯಾರು ಒಂದು ಪದಕ್ಕೆ ಹೆಚ್ಚು ಕೊಡುತ್ತಾರೋ ಅವರೇ ಮೊದಲು. ಮುಚ್ಚುಮರೆ ಇಲ್ಲ, ಎಷ್ಟು ಕೊಟ್ಟಿದ್ದಾರೆ ಅಂತ ಪಕ್ಕದಲ್ಲೇ ಕಾಣುತ್ತಿತ್ತು. ಜನ ನಕ್ಕರು. ಆದರೆ 2000ದ ಅಕ್ಟೋಬರಿನಲ್ಲಿ ಗೂಗಲ್ 350 ಜಾಹೀರಾತುದಾರರನ್ನು ಇಟ್ಟುಕೊಂಡು ಆಡ್‌ವರ್ಡ್ಸ್ ಶುರು ಮಾಡಿತು, 2002ರಲ್ಲಿ ಅದಕ್ಕೂ ಕ್ಲಿಕ್ಕಿನ ಹರಾಜು ಸೇರಿಸಿತು. (2018ರಿಂದ ಅದರ ಹೆಸರು ಗೂಗಲ್ ಆಡ್ಸ್.) ಗ್ರಾಸ್‌ನ ಕಂಪನಿಯನ್ನು 2003ರಲ್ಲಿ ಯಾಹೂ ಕೊಂಡುಕೊಂಡಿತು.

ಗೂಗಲ್ಲಿನ ಹರಾಜಿನಲ್ಲಿ ಒಂದು ಜಾಣತನ ಇದೆ. ಒಂದು ಪದಕ್ಕೆ ಒಬ್ಬ ಕ್ಲಿಕ್ಕಿಗೆ 40 ರೂಪಾಯಿ ಕೂಗಿದ, ಇನ್ನೊಬ್ಬ 30 ಕೂಗಿದ ಅಂತಿಟ್ಟುಕೊಳ್ಳಿ. ಚೀಟಿ ಹರಾಜಾದರೆ ಅಲ್ಲಿಗೆ ಮುಗಿಯಿತು. ಇಲ್ಲಿ ಹಾಗಲ್ಲ. ಎರಡನೆಯವನ ಜಾಹೀರಾತನ್ನು ಜನ ಎರಡು ಪಟ್ಟು ಹೆಚ್ಚು ಒತ್ತುತ್ತಾರಾದರೆ ಅವನ ಲೆಕ್ಕ 30ರ ಎರಡು ಪಟ್ಟು 60, ಅವನೇ ಮೇಲೆ. ಅವನು ಕೊಡಬೇಕಾದದ್ದು ತಾನು ಕೂಗಿದ 30 ಕೂಡ ಅಲ್ಲ. 40ನ್ನು ಎರಡರಿಂದ ಭಾಗಿಸಿದರೆ ಬರುವ 20ಕ್ಕಿಂತ ಒಂದಿಷ್ಟು ಹೆಚ್ಚು, ಅಷ್ಟೇ. ಯಾರೂ ಒತ್ತದ ಜಾಹೀರಾತಿನಿಂದ ಅಂಗಡಿಯವನಿಗೆ ಹುಟ್ಟುವಳಿಯಿಲ್ಲ ಅನ್ನುವುದನ್ನು ಎಷ್ಟು ಚೆನ್ನಾಗಿ ಲೆಕ್ಕಕ್ಕೆ ತಂದಿದ್ದಾರೆ ನೋಡಿ! ನಾನು ಮೆಚ್ಚಿಕೊಂಡದ್ದು ಇದನ್ನೇ.

ಇನ್ನೊಂದು ಬದಿಯೂ ಇದೆ. ಫೋರ್ಟ್ ಕೊಚ್ಚಿಯಲ್ಲಿ ಹಳೆಯ ಮನೆಗೆ ಎರಡು ರೂಮು ಕಟ್ಟಿಸಿಕೊಂಡು ಹೋಂಸ್ಟೇ ಮಾಡುವವರು ಬಹಳ. ಪ್ರವಾಸೋದ್ಯಮ ಇಲಾಖೆ ಅವಕ್ಕೆ ಡೈಮಂಡ್, ಗೋಲ್ಡ್, ಸಿಲ್ವರ್ ಅಂತ ದರ್ಜೆ ಕೊಡುತ್ತದೆ, ನಾವು ಸಾಲ ಕೊಡುತ್ತೇವೆ. ಅಂಥ ಒಬ್ಬ ಹಿರಿಯ ಹೆಂಗಸು ನಮ್ಮ ಶಾಖೆಯ ಗ್ರಾಹಕಿ. ಒಮ್ಮೆ ಅವರ ಖಾತೆಪುಸ್ತಕ ನೋಡುತ್ತಾ ಜಾಹೀರಾತಿನ ಖರ್ಚಿನ ಲೆಕ್ಕ ಹಾಕಿದೆ. ಕ್ಲಿಕ್ಕಿಗೆ 15 ರೂಪಾಯಿಯಂತೆ ನೂರು ಕ್ಲಿಕ್ಕಿಗೆ 1500. ನೂರರಲ್ಲಿ ಬುಕ್ ಮಾಡಿದವರು ಇಬ್ಬರು. ದಿನಕ್ಕೆ 2000ದಂತೆ ಒಬ್ಬೊಬ್ಬರು ಎರಡು ರಾತ್ರಿ, ಒಟ್ಟು 8000. ಅಂದರೆ ನೂರಕ್ಕೆ ಹತ್ತಿರ ಹತ್ತಿರ ಹತ್ತೊಂಬತ್ತು ರೂಪಾಯಿ ಜಾಹೀರಾತಿಗೆ. ಬುಕಿಂಗ್ ಕಂಪನಿಯ ಮೂಲಕ ಬಂದರೆ ಅವರ ಕಮಿಷನ್ನೂ ಅಷ್ಟೇ! ಇದು ಕಾಕತಾಳೀಯ ಅಂತ ನನಗನ್ನಿಸುವುದಿಲ್ಲ. ಲಾಭ ಉಳಿದಿರುವ ತನಕ ಯಾರಾದರೊಬ್ಬರು ಒಂದು ರೂಪಾಯಿ ಜಾಸ್ತಿ ಕೂಗುತ್ತಲೇ ಇರುತ್ತಾರೆ.

ಅಷ್ಟಾದರೂ ಪರವಾಗಿಲ್ಲ ಅನ್ನಬಹುದಿತ್ತು. ಅವರು ನನಗೆ ಫೋನಿನಲ್ಲಿ ತೋರಿಸಿದ್ದು ಬೇರೆ. ತಮ್ಮ ಹೋಂಸ್ಟೇಯ ಹೆಸರನ್ನೇ ಬರೆದು ಹುಡುಕಿದರು. ಎಲ್ಲಕ್ಕಿಂತ ಮೇಲೆ ಬಂದದ್ದು ಒಂದು ಬುಕಿಂಗ್ ಕಂಪನಿಯ ಜಾಹೀರಾತು, ಅವರ ಸ್ವಂತ ತಾಣ ಅದರ ಕೆಳಗೆ.

"ಸಾರೇ, ನನ್ನ ಮನೆ ಹೆಸರು ಹುಡುಕಿಕೊಂಡು ಬರುವವರು ನನ್ನ ಅತಿಥಿಗಳೇ ಅಲ್ಲವಾ? ಅವರಿಗೂ ನಾನು ಕಮಿಷನ್ ಕೊಡಬೇಕಾ?"

"ಚೇಚಿ, ಆ ಹೆಸರಿಗೆ ನೀವೇ ಜಾಹೀರಾತು ಹಾಕಿದರೆ ಮೇಲೆ ಬರಬಹುದು" ಅಂದೆ.

"ಅಂದರೆ ನನ್ನ ಹೆಸರನ್ನು ನಾನೇ ದುಡ್ಡು ಕೊಟ್ಟು ಕೊಂಡುಕೊಳ್ಳಬೇಕು ಅನ್ನಿ" ಅಂದರು.

ಏನು ಹೇಳಲಿ? ಮಟ್ಟಾಂಚೇರಿಯ ಅಂಗಡಿಗೆ ಗಿರಾಕಿಯನ್ನು ಕರೆತಂದ ಆಟೋದವನಿಗೆ ಕಮಿಷನ್ ಕೊಡುವ ಪದ್ಧತಿ ಇಲ್ಲಿ ಎಲ್ಲರಿಗೂ ಗೊತ್ತು. ಆದರೆ ವಿಳಾಸ ಕೇಳಿಕೊಂಡು ತಾನೇ ನಡೆದು ಬಂದವನನ್ನು ಬಾಗಿಲಲ್ಲಿ ತಡೆದು, ನಾನು ಕರೆತಂದೆ ಅನ್ನುವ ಆಟೋದವನನ್ನು ನಾನಂತೂ ಕಂಡಿಲ್ಲ.

ಈ ಜಗಳ ದೊಡ್ಡವರ ಮಧ್ಯೆ ಕೋರ್ಟಿಗೂ ಹೋಗಿದೆ. ಮದುವೆ ಸಂಬಂಧ ಹುಡುಕಿಕೊಡುವ ಚೆನ್ನೈ ಕಂಪನಿಯೊಂದು ತನ್ನ ಹೆಸರಿನ ಪದಗಳನ್ನು ಪ್ರತಿಸ್ಪರ್ಧಿಗಳಿಗೆ ಮಾರಬಾರದೆಂದು ಗೂಗಲ್ ಮೇಲೆ ದಾವೆ ಹೂಡಿತ್ತು. 2010ರಲ್ಲಿ ಮದ್ರಾಸ್ ಹೈಕೋರ್ಟಿನಿಂದ ಒಂದು ಆದೇಶ ಬಂತು. ತನ್ನದೇ ಸೇವೆಗಳನ್ನು ಮೇಲೆ ತೋರಿಸಿದ್ದಕ್ಕೆ 2018ರಲ್ಲಿ ಸ್ಪರ್ಧಾ ಆಯೋಗ ಗೂಗಲ್‌ಗೆ 135.86 ಕೋಟಿ ರೂಪಾಯಿ ದಂಡ ಹಾಕಿತು. 2023ರ ಆಗಸ್ಟಿನಲ್ಲಿ ಅಗರ್ವಾಲ್ ಪ್ಯಾಕರ್ಸ್ ಪ್ರಕರಣದಲ್ಲಿ ದೆಹಲಿ ಹೈಕೋರ್ಟು, ಟ್ರೇಡ್‌ಮಾರ್ಕನ್ನು ಕೀವರ್ಡ್ ಆಗಿ ಬಳಸಿದ ಮಾತ್ರಕ್ಕೇ ಅದು ಉಲ್ಲಂಘನೆಯಲ್ಲ, ಆದರೆ ಈ ವ್ಯವಹಾರದಲ್ಲಿ ಗೂಗಲ್ ಬರೀ ಪ್ರೇಕ್ಷಕನೂ ಅಲ್ಲ ಅಂದಿತು. ಚೇಚಿಯ ಮೂರು ರೂಮಿಗೆ ಟ್ರೇಡ್‌ಮಾರ್ಕೂ ಇಲ್ಲ, ವಕೀಲರೂ ಇಲ್ಲ.

2018ರ ಆಗಸ್ಟನ್ನೂ ಹೇಳಲೇಬೇಕು. ಹನ್ನೆರಡು ವರ್ಷಕ್ಕೊಮ್ಮೆ ಮುನ್ನಾರಿನಲ್ಲಿ ಅರಳುವ ನೀಲಕುರಿಂಜಿಯ ವರ್ಷ ಅದು. ಬೆಟ್ಟವೆಲ್ಲ ನೀಲಿಯಾಗುತ್ತದೆ ಬನ್ನಿ ಅಂತ ತಿಂಗಳುಗಟ್ಟಲೆ ಮೊದಲೇ ಪ್ರಚಾರ ಶುರುವಾಗಿತ್ತು. ಅಷ್ಟರಲ್ಲಿ ಆ ಮಹಾಪ್ರವಾಹ ಬಂತು, ವಿಮಾನ ನಿಲ್ದಾಣವೇ ಎರಡು ವಾರ ಮುಚ್ಚಿತು. ಕೇರಳ ಅಂತ ಯಾರು ಎಲ್ಲಿ ಹುಡುಕಿದರೂ ಕಂಡದ್ದು ಮುಳುಗಿದ ಮನೆಗಳು. ವರ್ಷಗಟ್ಟಲೆ ಕೂಡಿಟ್ಟ ಹೆಸರು ಒಂದೇ ವಾರದಲ್ಲಿ ಸುದ್ದಿಯ ಅಡಿ ಹೋಯಿತು. ಬಂದದ್ದು ರದ್ದತಿಗಳು. ನಮಗೆ ಬಂದದ್ದು ಕಂತು ಮುಂದೂಡಿ ಅನ್ನುವ ಅರ್ಜಿಗಳು.

ಇನ್ನು ನಮ್ಮ ಕನ್ನಡದ ವಿಷಯ. ಪವನಜ ಅವರ "ವಿಶ್ವಕನ್ನಡ" ಅಂತರ್ಜಾಲಕ್ಕೆ ಬಂದದ್ದು 1996ರಲ್ಲೇ. 1998ರಲ್ಲಿ ಶೇಷಾದ್ರಿವಾಸು ಅವರ "ಬರಹ" ಬಂತು. ಪರವೂರಿನಲ್ಲಿದ್ದ ನಮಗೆ ಅದು ಎಂಥ ಸಂತೋಷ ಅಂತ ನಿಮಗೇ ಗೊತ್ತು. ಆದರೆ ಆಗಿನ ಕನ್ನಡ ಪುಟಗಳು ಒಂದೊಂದೂ ಒಂದೊಂದು ಫಾಂಟಿನವು. ನಮ್ಮ ಕಣ್ಣಿಗೆ ಕನ್ನಡ, ಹುಡುಕುವ ಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಚಿಹ್ನೆಗಳ ರಾಶಿ! ಅಷ್ಟೆಲ್ಲ ಬರೆದಿಟ್ಟರೂ ಹುಡುಕಿದರೆ ಸಿಗುತ್ತಿರಲಿಲ್ಲ. ಯುನಿಕೋಡ್ ಬಳಕೆಗೆ ಬಂದು, 2003ರಲ್ಲಿ ಕನ್ನಡ ವಿಕಿಪೀಡಿಯ, 2005ರಲ್ಲಿ "ಸಂಪದ" ಶುರುವಾದ ಮೇಲೆ ನಿಧಾನವಾಗಿ ನಮ್ಮ ಪದಗಳು ಹುಡುಕಿದರೆ ಸಿಗತೊಡಗಿದವು.

2021ರ ಜೂನ್ 3 ನಿಮಗೆಲ್ಲ ನೆನಪಿರಬೇಕು. ಭಾರತದ ಅತ್ಯಂತ ಕುರೂಪ ಭಾಷೆ ಯಾವುದು ಅಂತ ಇಂಗ್ಲಿಷಿನಲ್ಲಿ ಕೇಳಿದರೆ ಗೂಗಲ್ ಕನ್ನಡ ಅಂತ ಉತ್ತರ ತೋರಿಸುತ್ತಿತ್ತು. ಇಲ್ಲಿನ ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪು ಆ ದಿನ ಹೊತ್ತಿ ಉರಿಯಿತು. ಸಚಿವರಾಗಿದ್ದ ಅರವಿಂದ ಲಿಂಬಾವಳಿ ಕ್ಷಮೆ ಕೇಳಬೇಕೆಂದರು, ಗೂಗಲ್ ಕ್ಷಮೆ ಕೇಳಿ ಉತ್ತರ ತೆಗೆಯಿತು. ಎಲ್ಲರೂ ಬೈದದ್ದು ಗೂಗಲ್ಲನ್ನು. ನನ್ನ ಕುತೂಹಲ, ಆ ಮಾತು ಬರೆದವರು ಯಾರು ಅನ್ನುವುದು. ಪತ್ರಿಕೆಗಳು ಬರೆದ ಪ್ರಕಾರ ಉತ್ತರ ಎತ್ತಿಕೊಂಡದ್ದು ಸಾಲಗಳನ್ನು ಒಗ್ಗೂಡಿಸುವ ವಿಷಯದ ಹೆಸರಿಟ್ಟುಕೊಂಡ ಒಂದು ಅಂಗ್ರೇಜಿ ತಾಣದಿಂದ! ಸಾಲಕ್ಕೂ ಕನ್ನಡಕ್ಕೂ ಏನು ಸಂಬಂಧ? ಸಂಬಂಧವೇ ಬೇಕಿಲ್ಲ. ಜನ ಕೇಳಬಹುದಾದ ಪ್ರಶ್ನೆಗಳನ್ನೆಲ್ಲ ಪುಟಕ್ಕೆ ತುಂಬಿ, ಕೆಳಗೊಂದು ಸಾಲಿನ ಉತ್ತರ ಇಟ್ಟರೆ ಯಂತ್ರ ಎತ್ತಿಕೊಳ್ಳುತ್ತದೆ, ಕ್ಲಿಕ್ಕು ಬೀಳುತ್ತದೆ. ಅಂಥ ಪುಟ ಕಟ್ಟುವವನಿಗೆ ಕನ್ನಡದ ಮೇಲೆ ದ್ವೇಷ ಇರಬೇಕೆಂದೇನೂ ಇಲ್ಲ, ಪ್ರಶ್ನೆಯೊಂದು ಬೇಕು, ಅಷ್ಟೇ.

ಈಗ 2024ರಿಂದ ಗೂಗಲ್ ತಾನೇ ಎಐನಿಂದ ಉತ್ತರ ಬರೆದು ಪುಟದ ತಲೆಯಲ್ಲಿ ಇಡಲು ಶುರು ಮಾಡಿದೆ. ಕೊಂಡಿ ಒತ್ತುವ ಅಗತ್ಯವೇ ಅನೇಕರಿಗೆ ಬರುವುದಿಲ್ಲ. ಕಾಕ್ಕನಾಡಿನ ಇನ್ಫೋಪಾರ್ಕಿನಲ್ಲಿ ಇದೇ ಕೆಲಸದಲ್ಲಿರುವ ಹುಡುಗರು ಸಾಲಕ್ಕೆ ಬಂದಾಗ ಕೇಳುತ್ತೇನೆ. ಮೊದಲು ಸೈಟನ್ನು ಮೇಲೆ ತರುವುದು ಹೇಗೆ ಅನ್ನುತ್ತಿದ್ದವರು ಈಗ ಆ ಉತ್ತರದೊಳಗೆ ಹೆಸರು ಬರುವಂತೆ ಮಾಡುವುದು ಹೇಗೆ ಅನ್ನುತ್ತಿದ್ದಾರೆ. ಹರಾಜು ಅಲ್ಲಿಗೂ ಬಂದಿದೆಯಂತೆ.