ಮದ್ದು ಎಬ್ಬಿಸಿದ ಹಳೆಯ ಕ್ಷಯ

ಹೊಟ್ಟೆನೋವು, ಭೇದಿ, ಜ್ವರ, ಇಳಿಯುತ್ತಲೇ ಹೋಗುವ ತೂಕ. ಇಂಥ ರೋಗಿಯ ಕರುಳು ದಪ್ಪಗಟ್ಟಿ ಹುಣ್ಣಾಗಿದ್ದರೆ ನೂರು ವರ್ಷಗಳ ಹಿಂದಿನ ವೈದ್ಯರು ಸಾಮಾನ್ಯವಾಗಿ ಅದನ್ನು ಕರುಳಿನ ಕ್ಷಯವೆಂದೇ ಭಾವಿಸುತ್ತಿದ್ದರು. ಆದರೆ ಕೆಲವರಲ್ಲಿ ಎಷ್ಟು ಹುಡುಕಿದರೂ ಕ್ಷಯದ ರೋಗಾಣು ಸಿಗುತ್ತಿರಲಿಲ್ಲ. 1932ರಲ್ಲಿ ನ್ಯೂಯಾರ್ಕಿನ ಮೌಂಟ್ ಸೈನಾಯ್ ಆಸ್ಪತ್ರೆಯ ಕ್ರೋನ್, ಗಿನ್ಸ್‌ಬರ್ಗ್ ಮತ್ತು ಓಪನ್‌ಹೈಮರ್ ಎಂಬ ವೈದ್ಯರು ಇಂಥ 14 ರೋಗಿಗಳ ವಿವರ ಪ್ರಕಟಿಸಿ, ಇದು ಬೇರೆಯೇ ಕಾಯಿಲೆ ಎಂದರು. ಇಂಗ್ಲಿಷ್ ಅಕ್ಷರಕ್ರಮದಲ್ಲಿ ಮೊದಲು ಬಂದ ಕ್ರೋನ್ ಅವರ ಹೆಸರೇ ಕಾಯಿಲೆಗೆ ಉಳಿಯಿತು. ಉಳಿದಿಬ್ಬರನ್ನು ಜನ ಮರೆತರು.

ಮದ್ದುಗಳು ಒಂದೊಂದಾಗಿ ಬಂದವು, ಪ್ರತಿಯೊಂದೂ ತನ್ನ ತೊಂದರೆಯನ್ನು ಜೊತೆಗೇ ತಂದಿತು. ಸ್ಟೀರಾಯ್ಡ್ ಬೇಗನೆ ಆರಾಮ ಕೊಡುತ್ತಿತ್ತು. ಆದರೆ ತಿಂಗಳುಗಟ್ಟಲೆ ತೆಗೆದುಕೊಂಡವರ ಮುಖ ಊದಿತು, ಮೂಳೆ ಸವೆಯಿತು, ಸಕ್ಕರೆ ಕಾಯಿಲೆ ತಲೆಯೆತ್ತಿತು. ಅಜಾಥಯೋಪ್ರಿನ್ ಕೆಲವರಲ್ಲಿ ರಕ್ತದ ಬಿಳಿಕಣಗಳನ್ನು ಅಪಾಯದ ಮಟ್ಟಕ್ಕೆ ಇಳಿಸಿತು.

1998ರಲ್ಲಿ ಅಮೆರಿಕದಲ್ಲಿ ಇನ್‌ಫ್ಲಿಕ್ಸಿಮ್ಯಾಬ್ ಚುಚ್ಚುಮದ್ದಿಗೆ ಅನುಮತಿ ಸಿಕ್ಕಿತು. ಕರುಳಿನ ಉರಿಯೂತಕ್ಕೆ ಕಾರಣವಾಗುವ ಟಿಎನ್‌ಎಫ್ ಎಂಬ ವಸ್ತುವನ್ನು ಇದು ತಡೆಯುತ್ತದೆ. ತೊಡಕು ಇರುವುದೂ ಅಲ್ಲಿಯೇ. ಕ್ಷಯದ ರೋಗಾಣುವನ್ನು ನಮ್ಮ ದೇಹ ಅನೇಕ ಸಲ ಕೊಲ್ಲದೆ, ಸುತ್ತ ಜೀವಕೋಶಗಳ ಗೋಡೆ ಕಟ್ಟಿ ಕೂಡಿಹಾಕುತ್ತದೆ. ಆ ಗೋಡೆ ನಿಲ್ಲಲು ಇದೇ ಟಿಎನ್‌ಎಫ್ ಬೇಕು. 2001ರಲ್ಲಿ ಪ್ರಕಟವಾದ ವರದಿಯೊಂದರ ಪ್ರಕಾರ ಈ ಮದ್ದು ಪಡೆದ 70 ಜನರಲ್ಲಿ ಕ್ಷಯ ಕಾಣಿಸಿಕೊಂಡಿತ್ತು. ಹೆಚ್ಚಿನವರು ಸಂಧಿವಾತದವರು, 18 ಮಂದಿ ಕ್ರೋನ್ ರೋಗಿಗಳು. 48 ಜನರಿಗೆ ಮೂರು ಅಥವಾ ಅದಕ್ಕಿಂತ ಕಡಿಮೆ ಸಲ ಮದ್ದು ಕೊಟ್ಟಾಗಲೇ ಕ್ಷಯ ಬಂದಿತ್ತು. 1932ರಲ್ಲಿ ಯಾವ ರೋಗದಿಂದ ಕ್ರೋನ್ ಕಾಯಿಲೆಯನ್ನು ಬೇರ್ಪಡಿಸಿದ್ದರೋ, ಅದೇ ರೋಗ ಮದ್ದಿನ ಬಾಗಿಲಿನಿಂದ ಒಳಬಂದಿತ್ತು!

ಕ್ಷಯದ ರೋಗಾಣು ಒಳಗೇ ಮಲಗಿರುವವರು ಕೋಟ್ಯಂತರ ಇರುವ ನಮ್ಮ ದೇಶಕ್ಕೆ ಇದು ದೂರದ ಸುದ್ದಿಯಲ್ಲ. ಕರುಳಿನ ಕ್ಷಯವನ್ನೂ ಕ್ರೋನ್ ಕಾಯಿಲೆಯನ್ನೂ ಬೇರ್ಪಡಿಸುವುದು ಅನುಭವಿ ವೈದ್ಯರಿಗೂ ಇಂದಿಗೂ ಕಷ್ಟ. ಕ್ರೋನ್ ಎಂದುಕೊಂಡು ಸ್ಟೀರಾಯ್ಡ್ ಕೊಟ್ಟರೆ ಇರುವ ಕ್ಷಯ ಹರಡೀತು. ಕ್ಷಯವೆಂದುಕೊಂಡು ಮಾತ್ರೆ ಕೊಟ್ಟರೆ ಅವು ಯಕೃತ್ತಿಗೆ ಪೆಟ್ಟು ಕೊಟ್ಟಾವು, ಕರುಳಿನ ಕಾಯಿಲೆಯೂ ಬಲಿತೀತು. ಆದ್ದರಿಂದ ಸಂಶಯವಿದ್ದಾಗ ವೈದ್ಯರು ಎರಡು ಮೂರು ತಿಂಗಳು ಕ್ಷಯದ ಮಾತ್ರೆ ಕೊಟ್ಟು, ಹುಣ್ಣು ಮಾಯಿತೇ ಎಂದು ಮತ್ತೆ ಕರುಳಿಗೆ ಕೊಳವೆ ಇಳಿಸಿ ನೋಡುವುದುಂಟು.

ಇನ್‌ಫ್ಲಿಕ್ಸಿಮ್ಯಾಬ್ ಕೊಡುವ ಮೊದಲು ಎದೆಯ ಎಕ್ಸ್-ರೇ ಮತ್ತು ಚರ್ಮದ ಅಥವಾ ರಕ್ತದ ಪರೀಕ್ಷೆ ಮಾಡಿಸುತ್ತಾರೆ. ಮನೆಯಲ್ಲಿ ಯಾರಿಗಾದರೂ ಕ್ಷಯವಿತ್ತೇ ಎಂದೂ ಕೇಳುತ್ತಾರೆ. ಮಗಳ ಮದುವೆಗೆ ಅಡ್ಡಿಯಾದೀತೆಂದು ಆ ಪ್ರಶ್ನೆಗೆ ‘ಇಲ್ಲ’ ಎನ್ನುವ ಮನೆಗಳು ನಮ್ಮಲ್ಲಿ ಇನ್ನೂ ಇವೆ.